‘ಬದಿಲಾನ’ ಕೇಳಿದ ಕಿವಿ

ಇದು ಕೆಮ್ಮೋ, ಗಂಟಲು ಸರಿಮಾಡಿಕೊಂಡದ್ದೋ? ಕೆಮ್ಮಾದರೆ ಈ ದನಿಯವನಿಗೆ ಕಾಯಿಲೆ. ಗಂಟಲಾದರೆ ಏನೋ ಮುಚ್ಚಿಡುತ್ತಿದ್ದಾನೆ. ಬೆಳಗಿನ ಐದೂವರೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕಿವಿಯಪ್ಪ ಧ್ವನಿಮುದ್ರಣದ ಅದೇ ನಾಲ್ಕು ಸೆಕೆಂಡನ್ನು ಒಂಬತ್ತನೇ ಸಲ ಕೇಳುತ್ತಿದ್ದಾರೆ.

ಈ ಹೆಸರು ಸಹೋದ್ಯೋಗಿಗಳು ಇಟ್ಟದ್ದು. ಉಗ್ರರ ಗುಂಪೊಂದು ಹರಿಬಿಡುವ ಧ್ವನಿಸಂದೇಶಗಳನ್ನು ಕೇಳಿ ಟೈಪ್ ಮಾಡುವುದು ಹತ್ತೊಂಬತ್ತು ವರ್ಷಗಳಿಂದ ಗುಪ್ತಚರ ಕಚೇರಿಯಲ್ಲಿ ಅವರ ಕೆಲಸ. ದಿನಕ್ಕೆ ನಲವತ್ತು ಪುಟ. ಎಡಗಿವಿ ಮಂದವಾಗಿದೆ. "ಊರವರ ಕೆಮ್ಮೆಲ್ಲ ಕೇಳುತ್ತೆ, ನಾನು ಕೂಗಿದ್ದು ಮಾತ್ರ ಕೇಳಲ್ಲ" ಎಂಬುದು ಹೆಂಡತಿಯ ದೂರು. ಕೆಲಸಕ್ಕೆ ಒಂದೇ ನಿಯಮ: ಮಾತಾಡಿದವನ ತಪ್ಪನ್ನು ತಿದ್ದಬಾರದು.

ಗುಂಪಿನ ನಾಯಕನ ನಾಲಿಗೆ ಒಂದು ಪದದಲ್ಲಿ ಸದಾ ಎಡವುತ್ತಿತ್ತು. ‘ಬಲಿದಾನ’ ಅವನ ಬಾಯಲ್ಲಿ ‘ಬದಿಲಾನ’. ಕಳೆದ ವರ್ಷ ಅವನು ಸತ್ತಾಗ ಕಚೇರಿ ನಿಟ್ಟುಸಿರುಬಿಟ್ಟಿತು; ಕಿವಿಯಪ್ಪನ ಕಿವಿಗೆ ಇನ್ನು ರಜೆ ಎಂದು ನಕ್ಕರು. ಎರಡೇ ತಿಂಗಳಲ್ಲಿ ಮೂರು ಊರುಗಳಿಂದ ಮೂರು ಹೊಸ ದನಿಗಳು ಬಂದವು. ಮೂರೂ ‘ಬದಿಲಾನ’ ಎಂದವು.

"ಅವನು ಇರೋವರೆಗೂ ಶಿಷ್ಯರೆಲ್ಲ ಸರಿಯಾಗೇ ಹೇಳ್ತಿದ್ರು. ಸತ್ತ ಮೇಲೆ ಈ ಮೂವರು ಅವನ ಹಾಗೇ ತಪ್ಪು ಹೇಳ್ತಿದ್ದಾರೆ. ಅಂದ್ರೆ ಮೂವರಿಗೂ ಅವನ ಕುರ್ಚಿ ಬೇಕು. ಯಾರು ಮೊದಲು ರಕ್ತ ಹರಿಸ್ತಾರೋ ಕುರ್ಚಿ ಅವರದ್ದು."

ಹಾಗೆಂದೇ ಕಿವಿಯಪ್ಪ ವರದಿ ಬರೆದರು. ಮೇಲಧಿಕಾರಿ ಅಚ್ಚುಕಟ್ಟಿನ ಮನುಷ್ಯ. "ಕಿವಿ ಚೆನ್ನಾಗೇ ಇದೆ ಕಣ್ರೀ, ನಿಮ್ಮ ಬೆರಳು ತಪ್ಪಿದೆ" ಎಂದು ನಕ್ಕು, ಮೂರೂ ಕಡೆ ‘ಬಲಿದಾನ’ ಎಂದು ತಿದ್ದಿಸಿದರು. ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ಪುಡಿಗುಂಪುಗಳು ಎಂದು ಷರಾ ಬರೆದು ಕಡತ ಮುಚ್ಚಿದರು.

ಹನ್ನೊಂದನೇ ದಿನ ಬಸ್ ನಿಲ್ದಾಣದಲ್ಲಿ ಬಾಂಬ್ ಸಿಡಿಯಿತು. ಸಿಡಿದದ್ದು ಒಂದೇ, ನಾವೇ ಮಾಡಿದ್ದು ಎಂದು ಜಂಬ ಕೊಚ್ಚಿಕೊಂಡ ಸಂದೇಶಗಳು ಮೂರು. ಸತ್ತವರು ಹದಿನಾಲ್ಕು ಮಂದಿ. ಅವರಲ್ಲಿ ಮೇಲಧಿಕಾರಿಯ ತಂಗಿಯೂ ಇದ್ದಳು.

ಮೂರನ್ನೂ ಅಂದೇ ಟೈಪ್ ಮಾಡಬೇಕಿತ್ತು. "ಆ ಪದ ಬಂದಾಗಲೆಲ್ಲ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. ಹೆಂಗಿತ್ತೋ ಹಂಗೇ ಒತ್ತಿದೆ."

ಈಗ ದಿನವೂ ಬೆಳಗ್ಗೆ ಆರಕ್ಕೆ ಮೇಲಧಿಕಾರಿ ಬರುತ್ತಾರೆ. ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ಇವತ್ತೂ ಅಷ್ಟೇ: ಆ ನಾಲ್ಕು ಸೆಕೆಂಡನ್ನು ಕೇಳಿಸಿಕೊಂಡು ಅವರು, "ಕೆಮ್ಮಾ?" ಎಂದರು. ಕಿವಿಯಪ್ಪ, "ಗೊತ್ತಾಗ್ತಿಲ್ಲ ಸಾರ್, ಇನ್ನೊಂದ್ಸಲ ಕೇಳೋಣ" ಎಂದರು.

ನಿವೃತ್ತಿಯವರೆಗಿನ ಇನ್ನೆರಡು ವರ್ಷ ಬಲಗಿವಿ ಕೈಕೊಡದಿದ್ದರೆ ಸಾಕು ಎಂಬುದಷ್ಟೇ ಅವರ ಆಸೆ. ‘ನಾನು ಆಗಲೇ ಹೇಳಿದ್ದೆ’ ಎಂದು ಕಿವಿಯಪ್ಪ ಮೇಲಧಿಕಾರಿಗೆ ಇವತ್ತಿನವರೆಗೂ ಹೇಳಿಲ್ಲ.