ಆಮೀನ್ ಹೇಳಿಸಿಕೊಂಡ ಫ್ರಿಜ್

"ಮೇಷ್ಟ್ರೇ, ಕಂತು ತೀರದ ಸಾಮಾನಿಗೆ ಪ್ರಾರ್ಥನೆ ಮಾಡಿಸಿದ್ರೆ ಅದರ ಪುಣ್ಯ ಯಾರಿಗೆ ಹೋಗುತ್ತೆ? ನಮಗೋ, ಸಾಮಾನು ಕೊಟ್ಟೋನಿಗೋ?"

ಸುಹಂದಾ ಇದನ್ನು ಕೇಳಿದ್ದು ನಮ್ಮ ಮನೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬೈಕಿನ ಚೈನಿಗೆ ಎಣ್ಣೆ ಬಿಡುತ್ತಾ. ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವ ನನಗೆ ಪುಣ್ಯದ ಲೆಕ್ಕಾಚಾರ ತಿಳಿಯದು. ಮಸೀದಿಯ ಉಸ್ತಾದರನ್ನು ಕೇಳು ಎಂದೆ.

"ಅವರನ್ನ ಕೇಳಿದ್ರೆ ಊಟಕ್ಕೆ ಬರೋದನ್ನೇ ಬಿಟ್ಟುಬಿಡ್ತಾರೆ" ಎಂದು ನಕ್ಕ. ಅವನು ತಮಾಷೆಗೆ ಕೇಳಿರಲಿಲ್ಲವೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಸುಹಂದಾ ಗಾರುತ್ ಬೆಟ್ಟಗಳ ಕಡೆಯವನು. ಬಟ್ಟೆ ಗಿರಣಿಯಲ್ಲಿ ಕೆಲಸ ಸಿಗಬಹುದೆಂದು ನಮ್ಮ ಚಿಮಾಹಿ ಪಟ್ಟಣಕ್ಕೆ ಬಂದ. ಕೆಲಸ ಸಿಕ್ಕಿದ್ದು ಗಿರಣಿಯ ಒಳಗಲ್ಲ, ಗೇಟಿನ ಹೊರಗೆ. ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆ ಮುಟ್ಟಿಸುವುದು ಅವನ ಕಸುಬಾಯಿತು. ಹಾಗೆ ಮುಟ್ಟಿಸಿಕೊಂಡವರಲ್ಲಿ ನೂಲಿನ ವಿಭಾಗದ ತಿತಿನ್ ಒಬ್ಬಳು. ಮದುವೆಯಾದ ಮೇಲೆ ಅವಳಿಂದ ಬಾಡಿಗೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದೆನೆಂದು ಅವನು ಹೇಳಿದರೆ, ಗಂಡನನ್ನು ಇಲ್ಲಿನ ರೂಢಿಯಂತೆ ಕಾಂಗ್ ಎಂದೇ ಕರೆಯುವ ತಿತಿನ್ ಒಳಗಿನಿಂದಲೇ ಕೂಗುತ್ತಿದ್ದಳು: "ಮುಂಚೆನೂ ನಾನು ಕೊಟ್ಟಿರ್ಲಿಲ್ಲ ಕಾಂಗ್! ಬಾಕಿ ಇರಲಿ ಅಂತಿದ್ದೆ. ವಸೂಲಿ ಆಗಲ್ಲ ಅಂತ ಗೊತ್ತಾಗಿ ಮದುವೆ ಆದ್ರಿ."

ನಮ್ಮ ಓಣಿಯಲ್ಲಿ ಅವರು ಹಿಡಿದದ್ದು ಒಂದು ಕೋಣೆ, ಒಂದು ಅಡುಗೆಮನೆ. ಅವರಿಗೆ ಮೊದಲು ಪರಿಚಯವಾದವರು ಮಾಂಗ್ ಒಮಾನ್, ಅಂದರೆ ಒಮಾನ್ ಚಿಕ್ಕಪ್ಪ. ತಾಸಿಕ್ಮಲಾಯಾ ಕಡೆಯ ಕಂತಿನ ವ್ಯಾಪಾರಿ. ಹರೆಯದಲ್ಲಿ ಬಾಣಲೆ, ತಪಲೆಗಳನ್ನು ಹೆಗಲ ಮೇಲೆ ಹೊತ್ತು ಓಣಿ ಓಣಿ ತಿರುಗಿದವರು. ಈಗ ಒಂದು ಹಳೆಯ ಪಿಕಪ್ ಇತ್ತು. ಅವರು ಯಾರಿಂದಲೂ ಸಹಿ ಮಾಡಿಸಿಕೊಂಡವರಲ್ಲ. ಶನಿವಾರ ಬರುವರು, ಚಹಾ ಕುಡಿಯುವರು, ಮಕ್ಕಳ ಕೆಮ್ಮಿನ ಬಗ್ಗೆ ವಿಚಾರಿಸುವರು, ಕೊಟ್ಟಷ್ಟನ್ನು ಜೇಬಿಗೆ ಹಾಕಿಕೊಂಡು ಹೊರಡುವರು. ಅವರ ಸೌಜನ್ಯದಲ್ಲಿ ಸುಳ್ಳಿರಲಿಲ್ಲ. ಆ ಸೌಜನ್ಯದ ಎದುರು ಬೇಡವೆನ್ನುವುದು ಕಷ್ಟವಾಗಿತ್ತು ಎಂಬುದೂ ನಿಜ.

ಮೊದಲು ಮಂಚ ಬಂತು. ಆಮೇಲೆ ಕನ್ನಡಿ ಬಾಗಿಲಿನ ಬೀರು, ಟಿವಿ. ಸೋಫಾ ಬಂದಾಗ ಅದು ಬಾಗಿಲಲ್ಲಿ ತೂರಲಿಲ್ಲ. ಕಿಟಕಿಯ ಚೌಕಟ್ಟನ್ನೇ ಕಳಚಿ ಒಳಗಿಳಿಸಬೇಕಾಯಿತು. ಪ್ರತಿ ಸಾಮಾನಿಗೂ ಓಣಿಯವರನ್ನು ಕರೆದು ಹಳದಿ ಅನ್ನ, ಹುರಿದ ಸೋಯಾ ಟೆಂಪೆ, ಎಳೆ ಎಳೆಯಾಗಿ ಕತ್ತರಿಸಿದ ಮೊಟ್ಟೆಯ ದೋಸೆ ಬಡಿಸುವುದು ಇಲ್ಲಿನ ರೂಢಿ. ಉಸ್ತಾದರು ಕೃತಜ್ಞತೆಯ ಪ್ರಾರ್ಥನೆ ಹೇಳುತ್ತಾರೆ, ಚಾಪೆಯ ಮೇಲೆ ಕುಳಿತ ನಾವೆಲ್ಲ ಅಂಗೈ ತೆರೆದು ಆಮೀನ್ ಎನ್ನುತ್ತೇವೆ. ಆ ಊಟದ ಅಕ್ಕಿಯೂ ಮೂಲೆಯ ಅಂಗಡಿಯಿಂದ ಕಡವಾಗಿ ಬಂದದ್ದೆಂದು ನಮಗೆ ಗೊತ್ತಿತ್ತು. ಆದರೂ ಉಂಡೆವು, ಆಮೀನ್ ಎಂದೆವು.

ಅವರನ್ನು ಹೀಗೆ ಕೊಳ್ಳಲು ಹಚ್ಚಿದ್ದೇನು? ಎದುರುಮನೆಯ ಚೆವು ಎನೋಕ್, ಅಂದರೆ ಎನೋಕ್ ಅಕ್ಕ, ಅದನ್ನು ಜಂಬ ಎಂದಳು. ಮನುಷ್ಯನು ಮುಂಬರುವ ದಿನಗಳ ತನ್ನನ್ನು ಬೇರೆ ಯಾರೋ ಎಂಬಂತೆ ಕಾಣುತ್ತಾನೆ, ಆದ್ದರಿಂದಲೇ ಅವನ ತಲೆಯ ಮೇಲೆ ಹೊರೆ ಹೊರಿಸಲು ಹಿಂಜರಿಯುವುದಿಲ್ಲ ಎಂದು ಮನಶ್ಶಾಸ್ತ್ರದ ಪ್ರಯೋಗಗಳು ಸೂಚಿಸುತ್ತವೆ. ಓದುವಾಗ ಸರಿಯೆನಿಸಿತ್ತು. ಆದರೆ ಆ ಪ್ರಯೋಗಗಳಲ್ಲಿ ಕುಳಿತವರು ಒಬ್ಬೊಬ್ಬರಾಗಿ ನಿರ್ಧರಿಸಿದವರು. ಇಡೀ ಓಣಿ ಸುತ್ತಲೂ ಕುಳಿತು ಹಳದಿ ಅನ್ನ ಉಣ್ಣುತ್ತಿದ್ದಾಗ ನಿರ್ಧರಿಸಿದವರಲ್ಲ. ಸೋಫಾದ ಮೇಲೆ ನೆಂಟರು ಬಂದು ಕುಳಿತ ದಿನ ತಿತಿನ್ ಎರಡು ಇಂಚು ಎತ್ತರವಾದಂತೆ ನಡೆದಾಡಿದ್ದನ್ನು ಕಂಡಿದ್ದೇನೆ. ಅದನ್ನು ಜಂಬವೆಂದು ತೀರ್ಮಾನಿಸುವ ಧೈರ್ಯ ನನಗಿಲ್ಲ.

ಕೊನೆಗೆ ಬಂದದ್ದು ಫ್ರಿಜ್. ಎರಡು ಬಾಗಿಲಿನದು, ಕಡುಗೆಂಪು. ಆಗ ತಿತಿನ್ ಬಸುರಿ, ಗಿರಣಿ ಬಿಟ್ಟಿದ್ದಳು. ಬರುವುದು ಬೈಕಿನ ದುಡಿಮೆಯೊಂದೇ. ಫ್ರಿಜ್ಜಿನ ಕಂತಿಗೆ ಹಣ ಸಾಲದೆ ಸುಹಂದಾ ಬೈಕಿನ ಕಾಗದಪತ್ರಗಳನ್ನು ಒಂದು ಹಣಕಾಸಿನ ಕಚೇರಿಯಲ್ಲಿ ಅಡವಿಟ್ಟ. ಹಣ ಬಂತು, ಅದರೊಡನೆ ಇನ್ನೊಂದು ಕಂತೂ ಬಂತು. ಮೂರು ತಿಂಗಳು ಆ ಕಂತು ನಿಂತಾಗ ಕಚೇರಿಯವರು ಎಚ್ಚರಿಕೆ ಕೊಟ್ಟರು: ಕಟ್ಟದಿದ್ದರೆ ಬೈಕ್ ಎತ್ತಿಕೊಂಡು ಹೋಗುತ್ತೇವೆ. ಬೈಕ್ ಹೋದರೆ ಒಲೆ ಆರುತ್ತದೆ. ಇದು ಓಣಿಗೆಲ್ಲ ಗೊತ್ತಿತ್ತು.

ಆ ಶನಿವಾರ ಮಾಂಗ್ ಒಮಾನ್ ಚಹಾದ ಲೋಟ ಕೆಳಗಿಟ್ಟು ತಾವೇ ಮಾತು ತೆಗೆದರು. ನನ್ನನ್ನೂ ಕರೆಸಿದ್ದರು, ಸಾಕ್ಷಿಗೆಂದು ಇರಬೇಕು.

"ನೋಡು ಮಗಳೇ, ಫ್ರಿಜ್ ನಾನು ವಾಪಸ್ ಒಯ್ತೀನಿ. ಇಲ್ಲಿವರೆಗೆ ಕೊಟ್ಟಿದ್ದು ಬಾಡಿಗೆ ಅಂತ ಆಯ್ತು. ಇನ್ನು ನನಗೇನೂ ಕೊಡೋದು ಬೇಡ. ಆ ದುಡ್ಡು ಕಚೇರಿಗೆ ಕಟ್ಟಿ ಬೈಕ್ ಉಳಿಸ್ಕೊಳ್ಳಿ."

ತಿತಿನ್ ತಲೆ ಎತ್ತಲಿಲ್ಲ. "ಹೇಗೆ ಕೊಡ್ಲಿ ಮಾಂಗ್? ಉಸ್ತಾದ್ರು ಇದೇ ಫ್ರಿಜ್ ಮುಂದೆ ಕೂತು ಪ್ರಾರ್ಥನೆ ಮಾಡಿದಾರೆ. ಇಡೀ ಓಣಿ ಆಮೀನ್ ಅಂದಿದೆ."

"ಆಮೀನ್ ಅಂದಿದ್ದು ನಿಮ್ಮ ಆಯಸ್ಸಿಗೆ ಕಣಮ್ಮ, ಐಸ್ ಡಬ್ಬಿಗಲ್ಲ."

"ದೇವರು ಕೊಟ್ಟ ಅಂತ ಹೇಳಿ ಊಟ ಹಾಕಿದೀನಿ. ಈಗ ಗಾಡಿ ಮೇಲೆ ಹೇರಿ ಕಳಿಸಿದ್ರೆ ಏನಂತ ಹೇಳ್ಲಿ? ದೇವರು ವಾಪಸ್ ತಗೊಂಡ ಅಂತಾನಾ?" ಅವಳು ಗಂಡನ ಕಡೆ ತಿರುಗಿದಳು. "ಹುಟ್ಟೋ ಮಗುಗೆ ಅಪಶಕುನ ಅಂತಾರೆ. ಬೇರೇನಾದ್ರೂ ದಾರಿ ನೋಡಿ ಕಾಂಗ್. ಇದು ಮಾತ್ರ ಆಗಲ್ಲ."

ಸುಹಂದಾ ಹೆಂಡತಿಯನ್ನು ನೋಡಿದ, ಫ್ರಿಜ್ಜನ್ನು ನೋಡಿದ. "ಆಯ್ತು ಬಿಡು, ಅದು ಎಲ್ಲಿಗೂ ಹೋಗಲ್ಲ" ಎಂದ. ಮಾಂಗ್ ಒಮಾನ್ ಉಳಿದ ಚಹಾ ಕುಡಿಯದೆ ಎದ್ದುಹೋದರು.

ಮುಂದಿನ ವಾರ ಸುಹಂದಾ ಹೆಲ್ಮೆಟ್ ಕೈಯಲ್ಲಿ ಹಿಡಿದು ನಡೆದುಕೊಂಡು ಮನೆಗೆ ಬಂದ. ರೈಲ್ವೆ ಗೇಟಿನ ಬಳಿ ಮೂವರು ಅಡ್ಡಗಟ್ಟಿ ಬೀಗದ ಕೈ ಕಿತ್ತುಕೊಂಡರಂತೆ. ಕಂತು ತಪ್ಪಿದ ಬೈಕುಗಳನ್ನು ರಸ್ತೆಯಲ್ಲೇ ಹಿಡಿಯುವ ಇಂಥ ಗುಂಪುಗಳು ನಮಗೆ ಹೊಸದಲ್ಲ. ಓಣಿ ಕುದಿಯಿತು. ಕಚೇರಿಗೆ ಹೋಗಿ ಗಲಾಟೆ ಮಾಡೋಣ ಎಂದು ಗಂಡಸರು ಹೊರಟಾಗ ಅವನೇ ಕೈ ಮುಗಿದು ತಡೆದ. "ಬೇಡಪ್ಪ, ತಪ್ಪು ನಂದೇ." ತಿತಿನ್ ಮಾತ್ರ ಆ ಕಚೇರಿಯ ಹೆಸರೆತ್ತಿದಾಗಲೆಲ್ಲ ಶಾಪ ಹಾಕುತ್ತಿದ್ದಳು. ಹಲವು ವರ್ಷ ಹಾಕಿದಳು.

ಆಮೇಲೆ ಅವನು ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊತ್ತ. ಬೆಳಿಗ್ಗೆ ಹೊರಡುವಾಗ ಮೊದಮೊದಲು ಅಭ್ಯಾಸಬಲದಿಂದ ಹೆಲ್ಮೆಟ್ ತೆಗೆದುಕೊಂಡು, ಓಣಿಯ ತಿರುವಿನಿಂದ ಮರಳಿ ಬಂದು ಇಟ್ಟುಹೋಗುತ್ತಿದ್ದ. ಚೆವು ಎನೋಕ್ ಕೂಡ ಅದನ್ನು ನೋಡಿ ನಗಲಿಲ್ಲ. ಹೊಟ್ಟೆಗೆ ಆಗುತ್ತಿತ್ತು, ಕಂತಿಗೆ ಆಗುತ್ತಿರಲಿಲ್ಲ. ಮಗಳು ಹುಟ್ಟಿದಳು. ಕರೆಂಟಿನ ಹಣ ಉಳಿಸಲು ಫ್ರಿಜ್ಜನ್ನು ಆರಿಸಿಟ್ಟು ಅದರೊಳಗೆ ಮಗುವಿನ ಬಟ್ಟೆ ಜೋಡಿಸಿದರು.

ಕೂಸಿಗೆ ಹಲ್ಲು ಬರುವ ಹೊತ್ತಿಗೆ ತಿತಿನ್ ಒಂದು ದಿನ ಮನೆಮನೆಗೆ ಹೋಗಿ ಇಳಿಹೊತ್ತಿನ ಅಸ್ರ್ ನಮಾಜಿನ ನಂತರ ಊಟಕ್ಕೆ ಬನ್ನಿ ಎಂದು ಕರೆದಳು.

"ಈ ಸಲ ಏನು ತಗೊಂಡೆ? ಏರೋಪ್ಲೇನಾ?" ಎಂದಳು ಚೆವು ಎನೋಕ್.

"ಬಂದು ನೋಡು."

ಹೋದೆವು. ಎಲೆಯ ತುಂಡಿನ ಮೇಲೆ ಒಂದೊಂದು ಹಿಡಿ ಹಳದಿ ಅನ್ನ, ಉಪ್ಪುಮೀನಿನ ಚೂರು. ಫ್ರಿಜ್ಜನ್ನು ಒರೆಸಿ ಬಾಗಿಲ ಬಳಿ ನಿಲ್ಲಿಸಿದ್ದರು, ಹೊರಗೆ ಮಾಂಗ್ ಒಮಾನರ ಪಿಕಪ್. ತಿತಿನ್ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತು ಹೇಳಿದಳು: "ಇದು ಬಂದಾಗ ನೀವೆಲ್ಲ ಆಮೀನ್ ಅಂದಿದ್ರಿ. ಈಗ ಇದನ್ನ ವಾಪಸ್ ಕಳಿಸ್ತಿದೀನಿ. ಅದಕ್ಕೂ ಅಂದುಬಿಡಿ. ನನ್ನ ತಲೆ ಮೇಲಿನ ಭಾರ ಇಳೀಲಿ."

ಉಸ್ತಾದರು ಗಡ್ಡ ಸವರಿಕೊಂಡರು. "ಸಾಮಾನು ಬಂದಾಗಿನ ಪ್ರಾರ್ಥನೆ ಗೊತ್ತು, ಹೋಗೋವಾಗಿಂದು ನಾನು ಓದಿಲ್ಲವಲ್ಲಮ್ಮ" ಎಂದರು. ಕೊನೆಗೆ ದೂರ ಪ್ರಯಾಣ ಹೊರಟವರಿಗೆ ಹೇಳುವುದನ್ನೇ ಹೇಳಿದರು. ನಾವು ಆಮೀನ್ ಎಂದೆವು. ನಾಲ್ವರು ಸೇರಿ ಫ್ರಿಜ್ಜನ್ನು ಗಾಡಿಗೇರಿಸಿದರು. ಸುಹಂದಾ ಹಗ್ಗ ಬಿಗಿದ. ಅವನ ಮುಖ ಗೋಡೆಯ ಕಡೆಗಿತ್ತು. ಸೋಫಾ ಅದೇ ತಿಂಗಳು ಹೋಯಿತು. ಕಿಟಕಿಯನ್ನು ಮತ್ತೆ ಕಳಚಬೇಕಾಯಿತು.

ಆ ಮನೆಗೆ ಮತ್ತೆ ಕಂತಿನ ಸಾಮಾನು ಬರಲಿಲ್ಲ. ತಿತಿನ್ ಓಣಿಯ ಬಾಯಲ್ಲಿ ಬೆಳಗಿನ ಹಳದಿ ಅನ್ನ ಮಾರತೊಡಗಿದಳು. ಸುಹಂದಾ ಮೂಟೆ ಹೊರುತ್ತಲೇ ಇದ್ದ. ಬೈಕಿನ ಮಾತು ಬಂದರೆ ಎದ್ದುಹೋಗುತ್ತಿದ್ದ. ಇನ್ನೊಂದು ಬೈಕ್ ಕೊಳ್ಳುವಷ್ಟು ಹಣ ಅವರಲ್ಲಿ ಎಂದೂ ಒಟ್ಟಾಗಲಿಲ್ಲ. ನಲವತ್ತು ದಾಟಿದ ಸ್ವಲ್ಪ ದಿನಕ್ಕೆ, ಎಲೆಕೋಸಿನ ಮೂಟೆ ಇಳಿಸಿ ನೀರು ಕೇಳಿದವನು ಅಲ್ಲೇ ಕುಸಿದ, ಮತ್ತೆ ಏಳಲಿಲ್ಲ. ಹೃದಯ ಎಂದರು ಆಸ್ಪತ್ರೆಯಲ್ಲಿ. ಹೊರೆಗೂ ಹೃದಯಕ್ಕೂ ನೇರ ಸಂಬಂಧ ಕಟ್ಟುವುದು ಸುಲಭ, ಸಾಬೀತು ಮಾಡುವುದು ಕಷ್ಟ. ನಾನು ಕಟ್ಟುವುದಿಲ್ಲ.

ಶವ ಎತ್ತುವ ಮುನ್ನ ಮನೆಯವರ ಪರವಾಗಿ ಒಬ್ಬರು ನಿಂತು, ತೀರಿಕೊಂಡವರಿಂದ ಯಾರಿಗಾದರೂ ಬಾಕಿ ಬರಬೇಕಿದ್ದರೆ ತಿಳಿಸಿ ಎಂದು ಕೇಳಬೇಕು. ತಿತಿನ್ ಆ ಕೆಲಸ ನನಗೆ ಒಪ್ಪಿಸಿದಳು. ಕೇಳಿದೆ. ಯಾರೂ ಮುಂದೆ ಬರಲಿಲ್ಲ. ಅಂಗಳದ ತುದಿಯಲ್ಲಿ ನಿಂತಿದ್ದ ಅಪರಿಚಿತನೊಬ್ಬ ಮಾತ್ರ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಮಣ್ಣು ಮುಗಿಸಿ ಹಿಂತಿರುಗುವಾಗ ಅವನು ನನ್ನ ಪಕ್ಕಕ್ಕೆ ಬಂದ. ಈಗ ಮಾರುಕಟ್ಟೆಯಲ್ಲಿ ಚಹಾದಂಗಡಿ ಇಟ್ಟಿದ್ದಾನಂತೆ. ಹಿಂದೆ ಆ ಹಣಕಾಸಿನ ಕಚೇರಿಯಲ್ಲಿ ವಸೂಲಿ ಕೆಲಸದಲ್ಲಿದ್ದನಂತೆ.

"ಬಾಕಿ ಏನಿಲ್ಲ ಸಾರ್" ಎಂದ. "ನಾವು ಅವರ ಬೈಕ್ ಕಿತ್ಕೊಂಡ್ವಿ ಅಂತ ಅಲ್ಲಿ ಹೆಂಗಸರು ಮಾತಾಡ್ತಿದ್ರು. ನಾವ್ಯಾರೂ ಕಿತ್ಕೊಂಡಿಲ್ಲ. ಅವರೇ ಓಡಿಸ್ಕೊಂಡು ಬಂದ್ರು, ತೊಳೆದು ಒರೆಸಿ ತಂದಿದ್ರು. ಇನ್ನೂ ಒಂದು ತಿಂಗಳು ಟೈಮ್ ಇದೆಯಲ್ಲಪ್ಪ, ದುಡಿಯೋ ಗಾಡಿ, ಮನೇಲಿರೋ ಬೇರೆ ಏನಾದ್ರೂ ಕೊಟ್ಟುಬಿಡು ಅಂತ ನಾನೇ ಹೇಳ್ದೆ. ಬೀಗದ ಕೈ ಮೇಜಿನ ಮೇಲಿಟ್ಟು ಅಂದ್ರು, ನಮ್ಮನೇಲಿ ವಾಪಸ್ ಕೊಡೋಕೆ ಆಗೋದು ಇದೊಂದೇ, ಅಂತ."