ಅತ್ತೆಯ ಮೊಳ

ಕಳೆದ ವರ್ಷ ಆರ್.ಟಿ. ನಗರದ ನಮ್ಮ ಹಳೇ ಮನೆಯ ಬಚ್ಚಲುಮನೆಯನ್ನು ಒಡೆಸಿ ಹೊಸದು ಮಾಡಿಸಿದೆವು. ಟೈಲ್ಸ್ ಕೂರಿಸಿದ ಮೇಲೆ ಗೋಡೆಯೊಳಗೆ ಯಾವ ಪೈಪು ಎಲ್ಲಿದೆ ಎಂದು ದೇವರೇ ಹೇಳಬೇಕು. ಅದಕ್ಕೇ ನಾನು ಮುಂಚೆಯೇ ಫೋನು ಹಿಡಿದು ಪೈಪು, ವೈರು ಒಂದನ್ನೂ ಬಿಡದೆ ಫೋಟೋ ತೆಗೆದೆ. ಮದುವೆಮನೆಯ ಫೋಟೋಗ್ರಾಫರಿಗೂ ಅಷ್ಟು ಹುರುಪಿರುವುದಿಲ್ಲ. ನನ್ನ ಅತ್ತೆ ಮಾತ್ರ ಒಡೆದ ಗೋಡೆಗೆ ತೋಳು ಒತ್ತಿ ಮೊಳ ಹಾಕುತ್ತಾ ನಿಂತಿದ್ದರು.

"ಅತ್ತೆ, ಕೈ ತೆಗೀರಿ, ಫೋಟೋಗೆ ಅಡ್ಡ ಬರ್ತಿದೆ."

"ನಿನ್ ಫೋಟೋ ನೀನ್ ತಗೋ, ನನ್ ಅಳತೆ ನಾನ್ ತಗೋತೀನಿ."

ಮೊಳದ ವಿಷಯದಲ್ಲಿ ಅವರು ಯಾರನ್ನೂ ನಂಬುವುದಿಲ್ಲ. ಸಂಜೆ ಬರುವ ಹೂವಿನವಳಿಗೂ "ನಿನ್ ಕೈ ಗಿಡ್ಡ ಕಣಮ್ಮಾ, ನನ್ ಕೈಲಿ ಅಳೆ" ಎಂದು ತೋಳು ಚಾಚುತ್ತಾರೆ.

ಈ ವರ್ಷ ಅವರಿಗೆ ಮಂಡಿ ಆಪರೇಷನ್ ಆಯಿತು. ಸ್ನಾನಕ್ಕೆ ಕೂತರೆ ಏಳಲು ನಾನು ಹಿಡಿಯಬೇಕು, ಅದಕ್ಕೆ ಬಾಗಿಲು ತೆರೆದೇ ಇರಬೇಕು. ಜೀವಮಾನವಿಡೀ ಚಿಲಕ ಹಾಕಿಕೊಂಡು ಸ್ನಾನ ಮಾಡಿದ ಹೆಂಗಸು ನನ್ನ ಮುಖ ನೋಡದೆ ಮೈಗೆ ನೀರು ಹೊಯ್ದುಕೊಳ್ಳುತ್ತಿದ್ದರು. ನಾನು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದೆ.

"ಗೋಡೆಗೊಂದು ಹಿಡಿಕೆ ಹಾಕ್ಸಿಬಿಡೇ," ಎಂದರು ಒಂದು ದಿನ. "ನಾನೊಬ್ಳೇ ಮಾಡ್ಕೋತೀನಿ."

ಡ್ರಿಲ್ ಹಿಡಿದು ಬಂದ ಹೊಸ ಪ್ಲಂಬರ್ ಗೋಡೆ ನೋಡಿ ಕೇಳಿದ, "ಮೇಡಂ, ಬಿಸಿನೀರಿನ ಪೈಪ್ ಎಲ್ಲೋಗಿದೆ? ತೂತಾದ್ರೆ ಟೈಲ್ಸೆಲ್ಲಾ ಕೀಳ್ಬೇಕಾಗ್ತದೆ."

ನಾನು ಜಂಬದಿಂದ ಫೋನು ತೆಗೆದೆ. ಅಯ್ಯೋ ನನ್ನ ಬುದ್ಧಿಯೇ! ಅಷ್ಟೂ ಫೋಟೋಗಳಲ್ಲಿ ಪೈಪು, ಸಿಮೆಂಟು, ಮತ್ತೆ ಪೈಪು. ಯಾವ ಗೋಡೆ, ಯಾವ ಮೂಲೆ ಒಂದೂ ತಿಳಿಯದು. ಅವನು ಫೋನನ್ನೂ ತಿರುಗಿಸಿದ, ಕತ್ತನ್ನೂ ತಿರುಗಿಸಿದ. "ಇದು ನಿಮ್ಮನೇದೇನಾ ಮೇಡಂ?"

ನನಗೆ ರೇಗಿಹೋಯಿತು. ಆಗ ಬಂತು ಆ ಕೆಟ್ಟುಹೋದ ಫೋಟೋ. ಬಾಗಿಲ ಚೌಕಟ್ಟಿಗೆ ಮೊಳಕೈ ತಾಗಿಸಿ ಅಡ್ಡಕ್ಕೆ ಚಾಚಿದ ಅತ್ತೆಯ ತೋಳು, ಬೆರಳ ತುದಿಯಾಚೆ ನೆಟ್ಟಗೆ ಇಳಿದ ಪೈಪು.

ನಾನು ನನ್ನ ತೋಳು ಇಟ್ಟೆ, ಪ್ಲಂಬರ್ ಅವನದು ಇಟ್ಟ. ಎರಡೂ ಬೇರೆ ಬೇರೆ ಕಡೆ ಮುಗಿದವು. "ನಿಮ್ ಕೈಯೆಲ್ಲಾ ಯಾಕ್ರಪ್ಪಾ? ನನ್ ಕರ್ಕೊಂಡೋಗಿ," ಎಂದು ನಡುಮನೆಯಿಂದ ಅತ್ತೆಯ ಕೂಗು ಬಂತು.

ಅವರನ್ನು ಮೆಲ್ಲಗೆ ನಡೆಸಿಕೊಂಡು ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಚೌಕಟ್ಟಿಗೆ ಮೊಳಕೈ ಕೊಟ್ಟು ತೋಳು ಚಾಚಿದರು, ಇನ್ನೊಂದು ಕೈಯ ನಾಲ್ಕು ಬೆರಳು ಸೇರಿಸಿದರು. "ಒಂದ್ ಮೊಳ, ನಾಕ್ ಬೆರಳು. ಇಲ್ಲಿದೆ ಪೈಪು. ಇದನ್ ಬಿಟ್ಟು ಹೊಡಿಯಪ್ಪಾ."

ಅವನು ಅಲ್ಲಿ ಪೆನ್ಸಿಲ್ ಗೆರೆ ಎಳೆದು, ಅದರ ಆಚೆ ಈಚೆ ಕೊರೆದ. ಉದುರಿದ್ದು ಬರೀ ಒಣ ಪುಡಿ. ಹಿಡಿಕೆ ಭದ್ರವಾಗಿ ಕೂತಿತು.

"ಅಮ್ಮಾ, ನಮ್ ಜೊತೆ ಕೆಲಸಕ್ಕೆ ಬಂದ್ಬಿಡಿ," ಎಂದ ಪ್ಲಂಬರ್.

"ಇದನ್ನ ಆ ಹೂವಿನವಳಿಗೆ ಹೇಳು," ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಅಭ್ಯಾಸದಂತೆ ಟವೆಲ್ ಹಿಡಿದು ಅವರ ಹಿಂದೆ ಹೋದೆ. ಟವೆಲ್ ಇಸಿದುಕೊಂಡು ಬಾಗಿಲು ಹಾಕಿಕೊಂಡರು. ಒಳಗಿಂದ ಚಿಲಕ ಬಿದ್ದ ಸದ್ದು ಕೇಳಿ ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಆದರೂ ಬಾಗಿಲ ಹತ್ತಿರವೇ ನಿಂತೆ. ನೀರಿನ ಸದ್ದು ನಿಂತಿತು.

"ಅತ್ತೆ, ಎದ್ರಾ?"

"ಎದ್ದೆ ಕಣೇ. ನೀನ್ ಹೋಗು, ಕೆಲಸ ನೋಡ್ಕೋ."