ಜ್ವರಾಸುರನ ಪ್ರಶ್ನೆ

ಹನ್ನೆರಡು ಬಾಟಲಿಗಳಲ್ಲಿ ಹನ್ನೊಂದರ ಸೀಲ್ ಒಡೆದಿರಲಿಲ್ಲ. ಹನ್ನೆರಡನೆಯದನ್ನು ಯಾರೋ ಕಿರುಗುಟ್ಟುವ ಬಾಗಿಲಿನ ಕೀಲಿಗೆ ಸುರಿದಿದ್ದರು.

ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಕಾಡಂಚಿನ ಜನರಿಗೆ ಉಚಿತವಾಗಿ ಹಂಚುವ ಎಣ್ಣೆ ಅದು. ಸಮೂಹ ಸಂವಹನದಲ್ಲಿ ಎಂ.ಎ. ಮುಗಿಸಿ, ಆರೋಗ್ಯ ಜಾಗೃತಿ ಯೋಜನೆಯೊಂದರ ಗುತ್ತಿಗೆ ಕೆಲಸಕ್ಕೆ ಸೇರಿ ನಾನು ಕಳಸಕ್ಕೆ ಬಂದ ಮೊದಲ ಜನವರಿ. ಊರಿನಿಂದ ಏಳು ಕಿಲೋಮೀಟರ್ ದೂರದ ಒಂದು ಎಸ್ಟೇಟಿನ ಮೇಲಿನ ಕಾಡಿನಲ್ಲಿ ಮಂಗವೊಂದು ಸತ್ತು ಬಿದ್ದಿತ್ತು. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಮನುಷ್ಯರನ್ನು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು: ಜೋರು ಜ್ವರ, ಸಹಿಸಲಾಗದ ತಲೆನೋವು, ಕೆಲವರಿಗೆ ರಕ್ತಸ್ರಾವ. ಬೇಗ ಆಸ್ಪತ್ರೆ ಸೇರಿದರೆ ಉಳಿಯುವ ಸಾಧ್ಯತೆ ಹೆಚ್ಚು.

ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ಹನ್ನೆರಡು ಕುಟುಂಬಗಳಿದ್ದವು, ಮನೆಗೊಂದು ಬಾಟಲಿ. ಯಾರಿಗಾದರೂ ಜ್ವರ ಇದೆಯೇ ಎಂದು ಪ್ರತಿ ಬಾಗಿಲಲ್ಲೂ ಕರಪತ್ರ ಕೊಟ್ಟು ಕೇಳಿದೆ. ಯಾರಿಗೂ ಇರಲಿಲ್ಲ. ಆ ಸಂಜೆ ಔಷಧಿ ಅಂಗಡಿಯ ಶ್ರೀಧರ ಬೇರೆಯೇ ಮಾತು ಹೇಳಿದರು. ಅದೇ ಲೈನಿನವರು ಆ ವಾರ ಮೂರು ಸಲ ಬಂದು ಜ್ವರದ ಮಾತ್ರೆ ಒಯ್ದಿದ್ದರು. ಯಾರಿಗೆಂದು ಕೇಳಿದರೆ ‘ಮನೆಯಲ್ಲಿರಲಿ ಅಂತ’ ಎಂದಿದ್ದರಂತೆ.

“ನಿಮ್ಮ ಕರಪತ್ರದ ಮೇಲೆ ಮೆಣಸು ಒಣಗಿಸ್ತಾರೆ, ಮೇಡಂ. ಒಂದು ತಾಳಮದ್ದಳೆ ಇಡಿ. ಮುದುಕರು ಮಕ್ಕಳು ಎಲ್ಲಾ ಬರ್ತಾರೆ” ಎಂದರು ಶ್ರೀಧರ. ಅವರೇ ಹವ್ಯಾಸಿ ಅರ್ಥಧಾರಿ.

ತಾಳಮದ್ದಳೆ ಎಂದರೆ ವೇಷ, ಕುಣಿತಗಳಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ, ಅಂದರೆ ಕಥೆಯ, ಪದ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಸ್ಥಳದಲ್ಲೇ ಮಾತು ಹುಟ್ಟಿಸಿ ವಾದಿಸುತ್ತಾರೆ. ಶ್ರೀಧರ ವೈದ್ಯನ ಪಾತ್ರಕ್ಕೆ, ನಿವೃತ್ತ ಶಿಕ್ಷಕ ನಾಗೇಶ ಮೇಷ್ಟ್ರು ಜ್ವರಾಸುರನ ಪಾತ್ರಕ್ಕೆ ಎಂದು ನಿಶ್ಚಯವಾಯಿತು. ವೈದ್ಯನಿಗೆ ಕರಪತ್ರದ ಐದು ಸೂಚನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಜ್ವರಾಸುರನಿಗೆ ಏನೂ ಕೊಡಲಿಲ್ಲ. ಹೇಗೂ ಸೋಲುವವನು ಎಂದುಕೊಂಡಿದ್ದೆ. ನನ್ನ ತಪ್ಪು ಅಲ್ಲಿತ್ತು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಕಾಫಿ ಕಣದ ಒಂದು ಮೂಲೆಯಲ್ಲಿ ಚಾಪೆ ಹಾಸಿದರು. ಲೈನಿನವರೆಲ್ಲ ಬಂದರು. ಬಿಸಿಲಲ್ಲೂ ತಲೆಗೆ ಶಾಲು ಹೊದ್ದ ಹೆಂಗಸೊಬ್ಬಳು ಹಿಂದಿನ ಸಾಲಿನಲ್ಲಿ ಗೋಡೆಗೊರಗಿದ್ದಳು. ಹೆಸರು ಗಿರಿಜಾ. ಗಂಡ ಲಾರಿ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರುವವನಲ್ಲ. ಮಡಿಲಲ್ಲಿ ನಾಲ್ಕು ವರ್ಷದ ಮಗಳು. ಗಿರಿಜಾಳ ಕಣ್ಣು ಕೆಂಪಾಗಿತ್ತು. ಎರಡು ದಿನ ಮೊದಲು ಅವಳೇ ನನಗೆ ‘ಜ್ವರ ಗಿರ ಎಂತದೂ ಇಲ್ಲ’ ಎಂದು ನಕ್ಕಿದ್ದಳು.

ಮೇಷ್ಟ್ರು ಅರ್ಧ ಗಂಟೆಯಲ್ಲಿ ವೈದ್ಯನನ್ನು ಮೂಲೆಗೆ ತಳ್ಳಿದರು.

“ಎಲೈ ವೈದ್ಯನೇ, ಕಾಡು ನನ್ನದು, ಉಣುಗು ನನ್ನದು. ಸೌದೆಗೆಂದು ಒಳಬಂದವರು ನಿನ್ನವರು. ಅದೂ ಇರಲಿ. ಜ್ವರವಿದೆಯೆಂದು ಒಬ್ಬ ತಾಯಿ ಬಾಯಿಬಿಟ್ಟಳು, ನೀನು ಆಸ್ಪತ್ರೆಗೆಂದು ಜೀಪು ಹತ್ತಿಸಿದೆ. ಅವಳ ಮಗುವನ್ನು ಯಾರು ಒಳಗೆ ಕರೆಯುತ್ತಾರೆ? ರೋಗದ ಮನೆಯ ಮಗುವೆಂದು ಈ ಸಾಲಿನ ಹನ್ನೊಂದು ಕದಗಳೂ ಮುಚ್ಚುವುದಿಲ್ಲವೇ?”

ಶ್ರೀಧರ ಚೀಟಿ ನೋಡಿದರು. “ಮೈತುಂಬ ಬಟ್ಟೆ ಧರಿಸಬೇಕು” ಎಂದರು.

“ಶ್ರೀಧರಣ್ಣ, ಚೀಟಿ ತಿರುಗ್ಸಿ ನೋಡಿ, ಹಿಂದ್ಗಡೆ ಇರ್ಬೋದು!” ಎಂದು ಯಾರೋ ಕೂಗಿದರು. ಕಣವಿಡೀ ನಕ್ಕಿತು. ಜ್ವರಾಸುರನಿಗೆ ಚಪ್ಪಾಳೆ ಬಿತ್ತು. ಗಿರಿಜಾ ಮಾತ್ರ ನಗದೆ ಮಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

ನಾನು ಬಗ್ಗಿ ಮೇಷ್ಟ್ರ ಕಿವಿಯಲ್ಲಿ ಹೇಳಿದೆ: “ಸರ್, ನೀವು ಸೋಲಬೇಕಿತ್ತು.”

“ಸೋಲ್ಸಿ, ಮಾರಾಯ್ತಿ. ನಾಟಕ ಆದ್ರೆ ಬರೆದ ಹಾಗೆ ಸೋಲ್ತಿದ್ದೆ. ಉತ್ತರ ಇಲ್ದೆ ಇಲ್ಲಿ ಸೋತ್ರೆ ಜನ ನನ್ನ ಮುಖ ನೋಡ್ತಾರಾ?” ಎಂದರು ಅವರು. ಶ್ರೀಧರ ಸರಿದು ಚಾಪೆಯ ಮೇಲೆ ನನಗೆ ಜಾಗ ಮಾಡಿದರು. ಭಾಗವತರು ತಾಳ ಹಿಡಿದು ಕಾಯುತ್ತಿದ್ದರು.

ನಾಲ್ಕು ಜನರ ಮುಂದೆ ಮಾತಾಡುವ ಅಭ್ಯಾಸ ನನಗಿಲ್ಲ. ಆದರೂ ಹೋಗಿ ಕುಳಿತೆ.

“ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ” ಎಂದೆ. ಕರಪತ್ರದ ಐದು ಸೂಚನೆಗಳಲ್ಲಿ ಈ ಮಾತು ಇರಲೇ ಇಲ್ಲ ಎಂಬುದು ಹೇಳುವಾಗ ಹೊಳೆಯಿತು. “ಆ ಮಗುವನ್ನು ಒಳಗೆ ಕರೆದರೆ ಯಾರಿಗೂ ಏನೂ ಆಗುವುದಿಲ್ಲ.”

“ಹಾಗೋ? ಹಾಗಾದರೆ ನೀನು ಕರೆಯುತ್ತೀಯಾ?” ಎಂದ ಜ್ವರಾಸುರ.

ಗುತ್ತಿಗೆ ಪತ್ರದಲ್ಲಿ ಇಂಥದ್ದಕ್ಕೆ ಅನುಮತಿ ಇದೆಯೋ ಇಲ್ಲವೋ ಎಂದು ಯೋಚಿಸಿದೆ. ಆ ಯೋಚನೆ ಎಲ್ಲರಿಗೂ ಕಾಣಿಸಿರಬೇಕು.

“ಕರೆಯುತ್ತೇನೆ. ಕಳಸದ ನನ್ನ ರೂಮಿಗೆ.”

“ಹಾಗಾದರೆ ಸೋತೆ” ಎಂದರು ಮೇಷ್ಟ್ರು. ಹಿಂದಿನ ಸಾಲಿನಿಂದ ಪಕ್ಕದ ಮನೆಯ ಲಕ್ಷ್ಮಿಯ ದನಿ ಬಂತು: “ಏಳೇ ಗಿರಿಜಾ. ನಾಲ್ಕೈದು ದಿನದಿಂದ ಮುಸುಕು ಹಾಕ್ಕೊಂಡು ಬಿದ್ದಿದೀಯ, ನಂಗೆ ಗೊತ್ತಿಲ್ವಾ? ಮಾತ್ರೆ ತಂದುಕೊಟ್ಟವಳೇ ನಾನು!”

ಗಿರಿಜಾ ಎದ್ದಳು, ಗೋಡೆ ಹಿಡಿದುಕೊಂಡಳು. ಹಣೆ ಮುಟ್ಟಿದರೆ ಸುಡುತ್ತಿತ್ತು. ಆಸ್ಪತ್ರೆಗೆ ಹೋಗಲು ಜೀಪು ಹತ್ತುವಾಗ ನನ್ನನ್ನು ಒಂದೇ ಮಾತು ಕೇಳಿದಳು: “ನಿಜಕ್ಕೂ ಕರ್ಕೊಂಡು ಹೋಗ್ತೀರಾ, ಅಥ್ವಾ ಅದು ಪ್ರಸಂಗದ ಮಾತಾ?”

ಕಾಯಿಲೆ ಅದೇ ಎಂದು ಆಮೇಲೆ ಖಚಿತವಾಯಿತು. ಎರಡನೇ ವಾರ ಜ್ವರ ಮರುಕಳಿಸಿತು, ಆದರೆ ಗಿರಿಜಾ ಉಳಿದು ಬಂದಳು. ಜಾನಪದ ಮಾಧ್ಯಮ ಎಂದರೆ ನಮ್ಮ ಸಂದೇಶ ಹೊತ್ತು ಹೋಗುವ ಗಾಡಿ ಎಂದು ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಅದು ಎದುರು ಪ್ರಶ್ನೆ ಕೇಳುತ್ತದೆ, ಉತ್ತರ ಸಿಗುವವರೆಗೆ ಬಿಡುವುದಿಲ್ಲ. ಇದನ್ನು ಕಲಿಸಿದ್ದು ಆ ಕಣ.

ತಾಳಮದ್ದಳೆಯ ಮರುದಿನ ಬೆಳಿಗ್ಗೆ ಮಾತ್ರ ಇದೊಂದೂ ಗೊತ್ತಿರಲಿಲ್ಲ. ರಕ್ತದ ಮಾದರಿ ಇನ್ನೂ ಲ್ಯಾಬ್ ತಲುಪಿರಲಿಲ್ಲ. ನನ್ನ ರೂಮಿನಲ್ಲಿ ಮಗು ಎದ್ದು ಅಮ್ಮ ಎಲ್ಲಿ ಎಂದು ಕೇಳಿತು. ಮುಖ ತೊಳೆಸಿ, ಕತ್ತು ಕಂಕುಳಲ್ಲಿ ಉಣುಗು ಇಲ್ಲವೆಂದು ಎರಡು ಸಲ ನೋಡಿ, ಎತ್ತಿಕೊಂಡು ಮೊದಲ ಜೀಪಿಗೆ ಲೈನಿಗೆ ಹೋದೆ. ಯಾರಿಗೆ ಜ್ವರ ಎಂದು ಆ ದಿನ ಕೇಳಲಿಲ್ಲ. ನೀವು ಆಸ್ಪತ್ರೆಗೆ ಹೋದರೆ ನಿಮ್ಮ ಮಕ್ಕಳು ಯಾರ ಮನೆಯಲ್ಲಿರುತ್ತಾರೆ ಎಂದು ಪ್ರತಿ ಬಾಗಿಲಲ್ಲೂ ಕೇಳಿ, ಹೆಸರು ಬರೆದುಕೊಂಡೆ.